ಎರಡು ಬೆರಳು ದೊಡ್ಡ ಶೂ

"ಅಮ್ಮಾ, ಒಂದು ಸಾಕ್ಸ್ ಸಿಕ್ತು. ಇನ್ನೊಂದೆಲ್ಲಿ?" ಕಲ್ಪನ ಮಂಚದ ಕೆಳಗೆ ತಲೆ ತೂರಿಸಿಕೊಂಡೇ ಕೂಗಿದಳು.

ಅಡುಗೆಮನೆಯಿಂದ ಉಪ್ಪಿಟ್ಟು ತಳ ಹಿಡಿದ ವಾಸನೆ ಮಾತ್ರ ಬಂತು.

ಹನ್ನೊಂದು ದಿನ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ನಿನ್ನೆ ಅಪ್ಪನ ತಿಥಿ ಮುಗಿಯಿತು. ನೆಂಟರೆಲ್ಲ ಬಂಗಾರಪೇಟೆಯಲ್ಲಿ ರೈಲು ಹತ್ತಿದರು. ಅಪ್ಪನ ಚಪ್ಪಲಿಯನ್ನೂ ಕೊಡೆಯನ್ನೂ ಐನೋರಿಗೆ ದಾನ ಕೊಟ್ಟಾಯಿತು. ಇವತ್ತು ಎಂದಿನಂತೆ ಸ್ಕೂಲು.

ಸಾಕ್ಸ್ ಹುಡುಕುತ್ತಿದ್ದ ಕೈಗೆ ಒಂದು ಬಟ್ಟೆ ಚೀಲ ಸಿಕ್ಕಿತು. ಒಳಗೆ ಒಂದು ಜೊತೆ ಕಪ್ಪು ಶೂ.

"ಅಯ್ಯೋ ಶಿವನೇ! ಇದೊಂದು ಉಳ್ಕೊಂಡ್ಬಿಡ್ತಲ್ಲೇ!" ಬಾಗಿಲ ಬಳಿ ಕೂತಿದ್ದ ಅಜ್ಜಿ ಎದೆ ಮುಟ್ಟಿಕೊಂಡಳು. "ಇದನ್ನೂ ಐನೋರಿಗೆ ಕೊಡ್ಬೇಕಿತ್ತು."

"ಸರಿಯಾಗಿ ನೋಡಜ್ಜಿ. ಅಪ್ಪನ ಕಾಲು ಇದರಲ್ಲಿ ಅರ್ಧಾನೂ ಓಗಲ್ಲ."

ಅಜ್ಜಿ ಶೂ ತಿರುಗಿಸಿ ನೋಡಿದಳು. "ಔದಲ್ಲ! ಅಂಗಾದ್ರೆ ನಿಂದೇ ಕಣೇ. ಆವತ್ತು ನೀನು ಮಲಗಿದ್ದಾಗ ನಿಮ್ಮಪ್ಪ ಪೊರಕೆ ಕಡ್ಡಿ ಇಟ್ಟು ನಿನ್ನ ಕಾಲಳತೆ ತಗೊಂಡ. ಏನ್ಲಾ ಇದು ಅಂದ್ರೆ, 'ಸುಮ್ಕಿರಮ್ಮ, ಮಗೀಗೆ ಗೊತ್ತಾಗ್ಬಾರ್ದು' ಅಂದ."

ಕಲ್ಪನಳಿಗೆ ಈಗ ಅರ್ಥವಾಯಿತು. ಭಾನುವಾರ ಕಾಮಸಮುದ್ರದ ಗುಡ್ಡದಲ್ಲಿ ಸೈಕಲ್ ರೇಸ್ ಇದೆ. ಹೋದ ತಿಂಗಳು ಪ್ರಾಕ್ಟೀಸ್‌ನಲ್ಲಿ ಅವಳ ಕ್ಯಾನ್ವಾಸ್ ಶೂ ಪೆಡಲ್ ಮೇಲಿಂದ ಜಾರಿತ್ತು. ಪೆಡಲ್ ತಿರುಗಿ ಬಂದು ಮೊಣಕಾಲಿನ ಕೆಳಗೆ ಬಡಿದಿತ್ತು. ಆ ಪೆಡಲ್‌ನಲ್ಲಿ ಕಾಲು ಜಾರದಿರಲೆಂದು ಚಿಕ್ಕ ಚಿಕ್ಕ ಕಬ್ಬಿಣದ ಮುಳ್ಳುಗಳಿರುತ್ತವೆ. ಅಪ್ಪ ಅರಿಸಿನ ಹಚ್ಚುತ್ತ, "ತಪ್ಪು ಪೆಡಲ್‌ದಲ್ಲ ಕಣೇ, ಶೂದು," ಎಂದಿದ್ದರು.

ಅಮ್ಮ ಬಂದು ಅವಳ ಮುಂದೆ ಕೂತಳು. ಶೂ ಹಾಕಿಸಿ ತಾನೇ ಲೇಸ್ ಕಟ್ಟಿದಳು.

"ದೊಡ್ಡದಾಯ್ತಾ?"

"ಸ್ವಲ್ಪ."

"ಬೆಳೆಯೋ ಕಾಲಲ್ವಾ. ಅದಕ್ಕೇ ದೊಡ್ಡದು ತಂದಿದ್ದಾರೆ ನಿಮ್ಮಪ್ಪ."

ಈ ಹನ್ನೊಂದು ದಿನದಲ್ಲಿ ಅಮ್ಮ ಇಷ್ಟು ಉದ್ದದ ಮಾತು ಆಡಿದ್ದು ಇದೇ ಮೊದಲು.

ಸಂಜೆ ಊರಿನ ಮುಚ್ಚಿದ ಚಿನ್ನದ ಗಣಿ ಮೈಸೂರು ಮೈನ್ಸ್ ಹತ್ತಿರದ ಕಲ್ಲು ಇಳಿಜಾರಿನಲ್ಲಿ ಪ್ರಾಕ್ಟೀಸ್. ಹೈಸ್ಕೂಲಿನವರು ಬೇರೆ ದಿನ ಬರುತ್ತಿದ್ದರು. ರೇಸ್ ಹತ್ತಿರ ಬಂದದ್ದರಿಂದ ಪಿ.ಟಿ. ಕಾಂತರಾಜ್ ಸರ್ ಇವತ್ತು ಎಲ್ಲರನ್ನೂ ಒಟ್ಟಿಗೆ ಕರೆದಿದ್ದರು.

ಶೂ ಪೆಡಲನ್ನು ಗಟ್ಟಿಯಾಗಿ ಕಚ್ಚಿತು. ಆದರೆ ಶೂ ಒಳಗೆ ಕಲ್ಪನಳ ಕಾಲೇ ಹಿಂದೆ ಮುಂದೆ ಓಡಾಡುತ್ತಿತ್ತು.

"ಏನಮ್ಮಾ, ಶೂ ಮುಂದೆ ಬಂತು, ನೀನು ಹಿಂದೆ ಉಳಿದೆಯಾ?" ಸರ್ ನಕ್ಕರು. "ಬೆರಳ ಹತ್ತಿರ ಪೇಪರ್ ತುರುಕು, ಹೋಗು."

ಬಂಡೆಯ ಮೇಲೆ ಕೂತು ಶೂ ಬಿಚ್ಚಿದಳು. ಪೇಪರ್ ತುರುಕಲು ಕೈ ಹಾಕಿದರೆ ಬೆರಳಿಗೆ ಏನೋ ಚುಚ್ಚಿತು. ಒಳಹಾಸಿನ ಅಡಿಗೆ ಸೇರಿಕೊಂಡಿದ್ದ ಪೊರಕೆ ಕಡ್ಡಿ!

ಅವಳು ಕಡ್ಡಿಯನ್ನು ತನ್ನ ಅಂಗಾಲಿಗೆ ಹಿಡಿದಳು. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಸರಿಯಾಗಿ ಕೂತಿತು. ಶೂ ಒಳಗಿಟ್ಟಳು. ಎರಡು ಬೆರಳು ಜಾಗ ಉಳಿಯಿತು. ಇಷ್ಟು ಸರಿಯಾಗಿ ಅಳತೆ ತಗೊಂಡ ಅಪ್ಪ ಇಷ್ಟು ದೊಡ್ಡ ಶೂ ತರುತ್ತಾರಾ?

ಶೂ ಮಗುಚಿ ನೋಡಿದಳು. ತಳದ ತುಂಬ ಪೆಡಲ್ ಮುಳ್ಳಿನ ಹಳೇ ಗುರುತುಗಳು.

ಅಷ್ಟರಲ್ಲಿ ಎಂಟನೇ ಕ್ಲಾಸಿನ ಸುಮಲತ ಸೈಕಲ್ ತಳ್ಳಿಕೊಂಡು ಬಂದಳು. ಕಾಲಲ್ಲಿ ಸವೆದ ಕ್ಯಾನ್ವಾಸ್ ಶೂ. ಮೊಣಕಾಲಿನ ಕೆಳಗೆ ಸಾಲಾಗಿ ಮೂರು ತರಚು ಗಾಯ. ಒಂದರಿಂದ ಇನ್ನೂ ರಕ್ತ ಜಿನುಗುತ್ತಿತ್ತು. ಅವಳು ಕಲ್ಪನಳ ಕೈಯಲ್ಲಿದ್ದ ಶೂ ನೋಡಿದಳು. ತಕ್ಷಣ ಬೇರೆ ಕಡೆ ನೋಡಿದಳು.

"ಅಕ್ಕ... ಇದು ನಿಂದಾ?"

ಸುಮಲತ ಸೀಟಿನ ಧೂಳು ಒರೆಸುತ್ತ ನಿಂತಳು. "ನಿಮ್ಮಪ್ಪ ಅಂಗಡೀಲಿ ತೋರ್ಸಿ ನಿಂಗೂ ಇಂಥದ್ದೇ ತರೋಕೆ, ಸ್ಯಾಂಪಲ್‌ಗೆ ಅಂತ ತಗೊಂಡೋಗಿದ್ರು. ಇರ್ಲಿ ಬಿಡು ಕಣೇ. ರೇಸ್ ಆದ್ಮೇಲೆ ಕೊಡು."

ಕಲ್ಪನ ಮನೆಗೆ ಬಂದು ಶೂ ಬಿಚ್ಚಿಟ್ಟಳು. ಅಮ್ಮ ಒದ್ದೆ ಬಟ್ಟೆ ತಂದು ಅದರ ಧೂಳು ಒರೆಸತೊಡಗಿದಳು. ಮೂಲೆಮೂಲೆಗೂ ಬೆರಳು ತೂರಿಸಿ ಒರೆಸಿದಳು.

ಹೇಳದೆ ಇದ್ದುಬಿಟ್ಟರೆ? ಸುಮಲತಕ್ಕನೇ ಇರಲಿ ಅಂದಿದ್ದಾಳಲ್ಲ. ಪೇಪರ್ ತುರುಕಿಕೊಂಡರೆ ಆಯಿತು. ಆದರೆ ಸುಮಲತಕ್ಕನ ಆ ಗಾಯದ ಮೇಲೇ ಪೆಡಲ್ ಮತ್ತೆ ಬಡಿದರೆ ಎಷ್ಟು ಉರಿಯುತ್ತದೆಂದು ಕಲ್ಪನಳಿಗೆ ಚೆನ್ನಾಗಿ ಗೊತ್ತಿತ್ತು.

"ಅಮ್ಮ, ಅದು ಸುಮಲತಕ್ಕಂದು. ಅಪ್ಪ ಕೇಳಿ ತಂದಿದ್ದಂತೆ."

ಒರೆಸುವ ಕೈ ನಿಂತಿತು.

"ಹಾಗಾದ್ರೆ ನಿಂಗೆ ಅಂತ ಏನೂ ತಂದಿರಲಿಲ್ವಾ?"

ಕಲ್ಪನ ಕಡ್ಡಿಯನ್ನು ಅಮ್ಮನ ಅಂಗೈಯಲ್ಲಿಟ್ಟಳು. ಅಮ್ಮ ಅದನ್ನೇ ನೋಡುತ್ತ ಕೂತಳು. ಆಮೇಲೆ ಮಗಳ ಕಾಲನ್ನು ತೊಡೆಯ ಮೇಲೆಳೆದುಕೊಂಡು ಕಡ್ಡಿ ಹಿಡಿದು ನೋಡಿದಳು. ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

"ತಗೊಂಡೋಗಿ ಕೊಟ್ಬಿಡು ಮಗಳೇ," ಎಂದು ಮೂಗು ಒರೆಸಿಕೊಂಡಳು.

ಮರುದಿನ ಸ್ಕೂಲಿಗೆ ಮುಂಚೆ ಕಲ್ಪನ ಸುಮಲತಳ ಮನೆ ಬಾಗಿಲಲ್ಲಿ ನಿಂತಿದ್ದಳು.

"ಭಾನುವಾರ ನೀನೇನು ಹಾಕ್ಕೋತೀಯೇ?" ಸುಮಲತ ಕೇಳಿದಳು.

"ನನ್ನ ಕ್ಯಾನ್ವಾಸೇ. ಇಳಿಜಾರಲ್ಲಿ ನಿಧಾನ ಓಗ್ತೀನಿ. ಅಕ್ಕ, ಅಪ್ಪ ನಿನ್ನ ಏನ್ ಕೇಳಿದ್ರು?"

"ಏನ್ ಕೇಳಿಲ್ಲ ಅನ್ನು! ನಮ್ಮ ಸೈನ್ಸ್ ಮಿಸ್ಸೂ ಅಷ್ಟು ಪ್ರಶ್ನೆ ಕೇಳಲ್ಲ. ತಳ ಯಾಕೆ ಚಪ್ಪಟೆ, ಓಡೋ ಶೂ ಯಾಕಾಗಲ್ಲ, ಮುಂದೆ ಯಾಕೆ ಇಷ್ಟು ಗಟ್ಟಿ..."

"ಯಾಕೆ?"

"ಓಡೋ ಶೂ ಮೆತ್ತಗಿರ್ತದೆ, ಪೆಡಲ್ ಮೇಲೆ ಮಡಚ್ಕೋತದೆ. ಕಾಲು ಬೇಗ ಸುಸ್ತಾಗ್ತದೆ. ಮುಂದೆ ಗಟ್ಟಿಯಿದ್ರೆ ಕಲ್ಲು ಬಡಿದ್ರೂ ಬೆರಳಿಗೇನಾಗಲ್ಲ. ತಗೊಳ್ಳೋವಾಗ ಇಂಗೆ ಬಗ್ಗಿಸಿ ನೋಡ್ಬೇಕು. ನಿಮ್ಮಪ್ಪ ಎಷ್ಟು ಸಲ ಬಗ್ಗಿಸಿದ್ರು ಅಂದ್ರೆ, ನಮ್ಮಮ್ಮ ಒಳಗಿಂದ 'ಅಣ್ಣಾ, ಇರೋದೊಂದೇ ಜೊತೆ!' ಅಂತ ಕೂಗಿದ್ಳು."

ಕಲ್ಪನಳಿಗೆ ನಗು ಬಂತು. ಈ ಬಾಗಿಲಲ್ಲೇ ಅಪ್ಪ ಕುಕ್ಕುರುಗಾಲಲ್ಲಿ ಕೂತು, ಎಂಟನೇ ಕ್ಲಾಸಿನ ಹುಡುಗಿಯಿಂದ ಪಾಠ ಹೇಳಿಸಿಕೊಂಡಿದ್ದು ಕಣ್ಣಿಗೆ ಕಟ್ಟಿತು.

"ನಾನೊಂದ್ಸಲ ಬಗ್ಗಿಸ್ಲಾ?"

ಶೂವಿನ ಎರಡೂ ತುದಿ ಹಿಡಿದು ಮೆಲ್ಲಗೆ ಬಗ್ಗಿಸಿದಳು. ಅದು ಸುಲಭಕ್ಕೆ ಬಗ್ಗಲಿಲ್ಲ. ಹೆಬ್ಬೆರಳಿನಿಂದ ತಳ ಒತ್ತಿದಳು. ಎಷ್ಟು ಗಟ್ಟಿ, ಎಷ್ಟು ಮೆದು ಎಂದು ಕೈಗೆ ತಿಳಿಯುವವರೆಗೆ ಒತ್ತಿದಳು.

ಆಮೇಲೆ ಎರಡೂ ಶೂಗಳನ್ನು ಜೋಡಿಸಿ ಸುಮಲತಳ ಕೈಗೆ ಕೊಟ್ಟಳು.