ಅಡಾಪ್ಟರ್ ಒಂದ ನೋಡ್ರಿ, ಹಗೂರ

ಇಟಗಿಯ ಪಂಚಾಯ್ತಿ ಗ್ರಂಥಾಲಯದ ಮೇಜಿನ ಮೇಲೆ ಒಂದು ಕರೀ ಇಟ್ಟಂಗಿ ಬಂದು ಕೂತಿತ್ತು. ನಿಜವಾದ ಇಟ್ಟಂಗಿಯಲ್ಲ, ಶಾಂಭವಿಯ ಲ್ಯಾಪ್‌ಟಾಪಿನ ಅಡಾಪ್ಟರ್. ತೂಕದಲ್ಲಿ ಮಾತ್ರ ಇಟ್ಟಂಗಿಗೆ ಏನೂ ಕಡಿಮೆಯಿರಲಿಲ್ಲ. ದಿನಾ ಪೇಪರ್ ಓದಲು ಬರುವ ಅಬ್ದುಲಸಾಬರು ಮೊದಲ ದಿನ ಅದನ್ನು ಎತ್ತಿ ನೋಡಿ, "ಏ ಗುರುಬಸವ, ಟ್ರಾನ್ಸ್‌ಫಾರ್ಮರ್ ಕಿತ್ಕೊಂಡು ಬಂದೀಯೇನೋ?" ಎಂದು ಕೇಳಿದ್ದರು. ಮರುದಿನದಿಂದ ಫ್ಯಾನಿನ ಗಾಳಿಗೆ ಪೇಪರ್ ಹಾರದ ಹಾಗೆ ಅದನ್ನೇ ಮೇಲಿಟ್ಟುಕೊಂಡು ಓದತೊಡಗಿದರು.

ಗುರುಬಸವ ಆ ಗ್ರಂಥಾಲಯದ ಮೇಲ್ವಿಚಾರಕ, ಊರಿನವನೇ. ಶಾಂಭವಿ ಗಂಗಾವತಿಯ ಅಕ್ಕಿ ವ್ಯಾಪಾರಿ ದೇವೇಂದ್ರಪ್ಪನವರ ಮಗಳು. ಮಹಾದೇವ ಗುಡಿಯ ಒಂದೊಂದು ಕಂಬವನ್ನೂ ಎಲ್ಲ ಮಗ್ಗುಲಿನಿಂದ ಫೋಟೋ ತೆಗೆದು, ಕಂಪ್ಯೂಟರಿನೊಳಗೆ ಗುಡಿಯ ತದ್ರೂಪು ಕಟ್ಟುವುದು ಅವಳ ಕೆಲಸ. ಅಂಥ ಕೆಲಸಕ್ಕೆ ಸಾದಾ ಲ್ಯಾಪ್‌ಟಾಪು ಸಾಲದು. ಅವಳದು ಎಮ್ಮೆ ನೀರು ಕುಡಿದ ಹಾಗೆ ಕರೆಂಟು ಕುಡಿಯುವಂಥದ್ದು.

ಮೊದಲ ದಿನ ಅವಳು ಫೋನಿನಲ್ಲಿ ಜೋರಾಗಿ ಮಾತಾಡುತ್ತಲೇ ಒಳಗೆ ಬಂದಿದ್ದಳು. ಪರೀಕ್ಷೆಗೆ ಓದುತ್ತಿದ್ದವರೆಲ್ಲ ತಲೆ ಎತ್ತಿದರು.

"ಮೇಡಮ್ಮರ, ಹಗೂರ ಮಾತಾಡ್ರಿ. ಓದಾಕತ್ತಾರ," ಎಂದ ಗುರುಬಸವ.

ಅವಳು ನಾಲಿಗೆ ಕಚ್ಚಿಕೊಂಡು ಫೋನ್ ಬಂದ್ ಮಾಡಿದಳು. ಮೇಜಿನ ಹತ್ತಿರ ಬಂದು ತುಟಿ ಅಲುಗಿಸಿದಳು. ಏನೂ ಕೇಳಿಸಲಿಲ್ಲ.

"ಏನಂದ್ರಿ?" ಎಂದು ಅವನು ಮುಂದಕ್ಕೆ ಬಾಗಿದ.

"ಒಂದು ಪ್ಲಗ್ ಸಿಗತೈತೇನ್ರಿ ಅಂದೆ. ನೀವ ಹಗೂರ ಅಂದ್ರಲ್ಲ, ಅದಕ್ಕ." ಅವಳ ಮುಖ ಗಂಭೀರವಾಗಿತ್ತು. ಕಣ್ಣುಗಳು ಮಾತ್ರ ನಗುತ್ತಿದ್ದವು.

ನಮ್ಮ ಕಡೆ ಹಗೂರ ಅನ್ನುವ ಒಂದು ಮಾತಿಗೆ ನೂರೆಂಟು ಚಾಕರಿ. ಮೆಲ್ಲಗೆ ಮಾತಾಡುವುದೂ ಹಗೂರ, ಅವಸರವಿಲ್ಲದೆ ನಡೆಯುವುದೂ ಹಗೂರ, ತೂಕವಿಲ್ಲದ ಚೀಲವೂ ಹಗೂರ. ಕೇಳಿದವನೇ ತಿಳಿದುಕೊಳ್ಳಬೇಕು. ಗುರುಬಸವ ಆ ದಿನ ತಿಳಿದುಕೊಂಡದ್ದು ಇಷ್ಟೇ, ಈ ಹುಡುಗಿ ಸುಮ್ಮನಿರುವ ಪೈಕಿ ಅಲ್ಲ.

ಅವಳು ಕೊಪ್ಪಳದಲ್ಲಿ ರೂಮು ಮಾಡಿಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಲ್ಯಾಪ್‌ಟಾಪು, ಅದರ ಮೇಲೆ ಈ ಇಟ್ಟಂಗಿ ಬೇರೆ. ಬೆನ್ನು ಹಿಡಿದುಕೊಳ್ಳುತ್ತಿತ್ತು. "ಇದೊಂದು ಇಲ್ಲೇ ಇರ್ಲೇನ್ರಿ ಸರ?" ಎಂದು ಕೇಳಿದಳು. ಇರಲಿ ಎಂದ. ಅಂದಿನಿಂದ ನಡು ಮಧ್ಯಾಹ್ನ ಬ್ಯಾಟರಿ ಸಾಯುವ ಹೊತ್ತಿಗೆ ಅವಳು ಗುಡಿಯಿಂದ ಗ್ರಂಥಾಲಯಕ್ಕೆ ಬರುವುದು ಕಾಯಂ ಆಯಿತು.

ಚಾರ್ಜ್ ಆಗುವ ತನಕ ಇಬ್ಬರೂ ಪಿಸುಮಾತಿನಲ್ಲಿ ಹರಟುತ್ತಿದ್ದರು. ಗ್ರಂಥಾಲಯವಲ್ಲವೇ, ಪಿಸುಮಾತಿಗೆ ಹತ್ತಿರ ಕೂರಲೇಬೇಕು. ಕೆತ್ತನೆಯ ಬಗ್ಗೆ ಹೇಳುವಾಗ ಅವಳ ಬೆರಳು ಗಾಳಿಯಲ್ಲಿ ಕಂಬ ಕೊರೆಯುತ್ತಿತ್ತು. ಅವನು ಬೆರಳನ್ನು ನೋಡುವುದು ಬಿಟ್ಟು ಮುಖ ನೋಡುತ್ತಿದ್ದ. ಸಿಕ್ಕಿಬಿದ್ದರೆ ಪುಸ್ತಕದ ಧೂಳು ಒರೆಸುತ್ತಿದ್ದ.

"ಆ ಪುಸ್ತಕ ಆಗಳೆ ಒರಸೀರಿ ಸರ," ಎನ್ನುತ್ತಿದ್ದಳು ಅವಳು, ಪರದೆಯಿಂದ ಕಣ್ಣು ಕೀಳದೆ.

ಅವನ ಅವ್ವ ಕಳಕಮ್ಮ ಮಗನ ಬುತ್ತಿಗೆ ಯಾರೂ ಕೇಳದಿದ್ದರೂ ಎರಡು ರೊಟ್ಟಿ ಹೆಚ್ಚು ಕಟ್ಟತೊಡಗಿದಳು. ಪುಂಡಿಪಲ್ಯದ ಡಬ್ಬಿ ಖಾಲಿಯಾಗಿ ತೊಳೆದು ಬಂದ ದಿನ, "ನೀ ಯಾವತ್ತೂ ಡಬ್ಬಿ ತೊಳದವಲ್ಲ," ಎಂದಷ್ಟೇ ಅಂದಳು.

ಸುತ್ತು ಬಳಸಿ ಹೇಳುವುದೇಕೆ, ಗುರುಬಸವನಿಗೆ ಅವಳ ಮೇಲೆ ಮನಸ್ಸಾಗಿತ್ತು. ಆದರೆ ಮಾತು ಬಾಯಿಗೆ ಬರುತ್ತಿರಲಿಲ್ಲ. ಅವಳು ಬರುವುದು ಇಟ್ಟಂಗಿಗಾಗಿ, ತನಗಾಗಿ ಅಲ್ಲ ಎಂದು ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದ.

ಗುಡಿಯ ಕೆಲಸ ಮುಗಿಯುತ್ತ ಬಂತು. ಒಂದು ಸಂಜೆ ಸ್ಟ್ಯಾಂಡು ಹೊತ್ತುಕೊಂಡು ಅವಳನ್ನು ಬಸ್ಸಿಗೆ ಬಿಡಲು ಹೋದಾಗ ಅವಳೇ ತೆಗೆದಳು ಮಾತು.

"ಮುಂದಿಂದು ಕನಕಗಿರಿ ಕಡಿ ಐತ್ರಿ. ಗಂಗಾವತಿ ಮನಿಯಿಂದನ ಹೋಗಿ ಬರಬಹುದು."

"ಛಲೋ ಆತಲ್ರಿ," ಎಂದ ಅವನು. ಎದೆಯೊಳಗೆ ಏನೂ ಛಲೋ ಆಗಿರಲಿಲ್ಲ.

ಅವಳು ಅವನನ್ನೇ ನೋಡಿದಳು, ಇನ್ನೇನಾದರೂ ಅನ್ನುತ್ತಾನೇನೋ ಎಂಬಂತೆ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಹತ್ತಿ ಕೂತವಳು ಕಿಟಕಿಯಿಂದ ತಲೆ ಹೊರಹಾಕಿ, ಇಂಜಿನ್ನಿನ ಗದ್ದಲದ ಮೇಲೆ ಕೂಗಿ ಹೇಳಿದಳು:

"ಸರ, ಊರೂರು ತಿರುಗಾಕ ನನಗೊಂದು ಅಡಾಪ್ಟರ್ ನೋಡ್ರಿ, ಹಗೂರ!"

ಗುರುಬಸವ ಕೆಲಸ ಹಿಡಿದರೆ ಬಿಡುವವನಲ್ಲ. ಅಂದೇ ಫೋನ್ ಹಿಡಿದು ಓದಲು ಕೂತ. ಅವಳ ಲ್ಯಾಪ್‌ಟಾಪಿಗೆ ದುಂಡನೆಯ ಪಿನ್ನಿನ ಜೊತೆಗೆ ಟೈಪ್-ಸಿ ಕಿಂಡಿಯೂ ಇದೆ, ಅದರಿಂದಲೂ ಚಾರ್ಜ್ ತೆಗೆದುಕೊಳ್ಳುತ್ತದೆ ಎಂದು ತಿಳಿಯಿತು. ತಿರುಗಾಟದ ಕೆಲಸಕ್ಕೆ ಅಂಗೈಯಲ್ಲಿ ಹಿಡಿಸುವ ನೂರು ವ್ಯಾಟಿನ ಅಡಾಪ್ಟರ್ ಸಾಕು. ವೈರು ಮಾತ್ರ ಮೊಬೈಲಿನದ್ದು ನಡೆಯದು, ಅಷ್ಟು ಕರೆಂಟು ತಾಳುವಂಥದ್ದೇ ಆಗಬೇಕು.

ಮರುದಿನವೇ ಕೊಪ್ಪಳಕ್ಕೆ ಹೋದ. ಅಂಗಡಿಯವನು ಎರಡು ಮುಂದಿಟ್ಟ. ಒಂದು ಅರವತ್ತೈದು ವ್ಯಾಟಿಂದು, ಇನ್ನೊಂದು ನೂರರದ್ದು. ನೋಡಲು ಎರಡೂ ಅಣ್ಣತಮ್ಮ.

ಗುರುಬಸವನ ಕೈ ಕಡಿಮೆ ವ್ಯಾಟಿನದರ ಮೇಲೆ ತಡೆಯಿತು. ಇದನ್ನು ಕೊಟ್ಟರೆ ಅವಳ ದಿನದ ಕೆಲಸಕ್ಕೂ ಸಾಲುವುದಿಲ್ಲ. ವಾರದೊಳಗೆ ಬ್ಯಾಟರಿ ಕೈಕೊಟ್ಟು ಅವಳು ತಿರುಗಿ ಬರುತ್ತಾಳೆ. ಬಂದರೆ ಗ್ರಂಥಾಲಯದಲ್ಲಿ ಇಟ್ಟಂಗಿಯಿದೆ, ತಾನಿದ್ದೇನೆ. ಆಸೆ ಅಂದರೆ ಹೀಗೆ, ಒಳ್ಳೆಯವನ ಕಿವಿಯಲ್ಲೂ ಕೆಟ್ಟದ್ದನ್ನೇ ಊದುತ್ತದೆ. ಆಮೇಲೆ, ಯಾವುದೋ ಹಳ್ಳಿಯ ಗುಡಿಯಲ್ಲಿ ಅವಳು ಸತ್ತ ಲ್ಯಾಪ್‌ಟಾಪಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತದ್ದು ಕಣ್ಣಿಗೆ ಕಟ್ಟಿತು. ನೂರರದ್ದನ್ನೇ ಕಟ್ಟಿಸಿಕೊಂಡ.

ಅವಳು ಮತ್ತೆ ಬಂದ ದಿನ ಅಡಾಪ್ಟರಿನ ಡಬ್ಬಿಯನ್ನು ಮುಂದಿಟ್ಟ. ಅವಳ ಮುಖ ಅರಳಬೇಕಿತ್ತು, ಅರಳಲಿಲ್ಲ.

"ಇಷ್ಟ ಲಗೂ ತಂದ್ರಿ?"

"ಹೌದ್ರಿ. ಹಿಡದ ನೋಡ್ರಿ, ಎಷ್ಟು ಹಗೂರ ಐತಿ."

ಹಿಡಿದು ನೋಡಿದಳು. ಹಗುರವಾಗಿತ್ತು. ಅವನು ಪಾಠ ಒಪ್ಪಿಸುವವನಂತೆ ಹೇಳುತ್ತಾ ಹೋದ. "ಫೋಟೋ ನೋಡೂದು, ಬರಿಯೂದು, ಸಣ್ಣಪುಟ್ಟ ಕೆಲಸಕ್ಕೆಲ್ಲಾ ಇದು ಸಾಕ್ರಿ. ಪೂರ್ತಿ ಗುಡಿ ಕಟ್ಟೂವಾಗ ಮಾತ್ರ ಸಾಲೂದಿಲ್ಲ, ಬ್ಯಾಟರಿ ಇಳೀತೈತಿ. ಅದಕ್ಕ ಇಟ್ಟಂಗೀನ ಬೇಕು. ದೊಡ್ಡದು ಮನ್ಯಾಗ ಇರ್ಬೇಕು, ಸಣ್ಣದು ದಾರ್ಯಾಗ ಇರ್ಬೇಕು. ಇಷ್ಟ ನೆನಪಿಡ್ರಿ."

"ನೆನಪಿಡ್ತೀನ್ರಿ," ಎಂದಳು. ಹಣ ಕೊಟ್ಟಳು, ಇಟ್ಟಂಗಿಯನ್ನು ವೈರು ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲಲ್ಲಿ ಒಂದು ಸಲ ನಿಂತಳು. ಅವನು ಪುಸ್ತಕದ ಧೂಳು ಒರೆಸುತ್ತಿದ್ದ.

ಅವಳು ಹೋದ ಮೇಲೆ ಅಬ್ದುಲಸಾಬರ ಪೇಪರು ಹಾಳೆಹಾಳೆಯಾಗಿ ಹಾರಿತು. "ಇಟ್ಟಂಗಿ ಎಲ್ಲಿ ಹೋತೋ?" ಎಂದರು.

"ಒಯ್ದ್ರು ಚಾಚಾ."

"ಒಯ್ಯಾಕ ಯಾಕ ಬಿಟ್ಟಿ?" ಎಂದು ಮುದುಕ ಅವನನ್ನು ಕನ್ನಡಕದ ಮೇಲಿಂದ ನೋಡಿದರು. ಗುರುಬಸವ ಹಾರಿದ ಹಾಳೆಗಳನ್ನು ಆರಿಸತೊಡಗಿದ. ಮಧ್ಯಾಹ್ನಗಳು ಉದ್ದವಾದವು. ಬುತ್ತಿಯಲ್ಲಿ ಎರಡು ರೊಟ್ಟಿ ಉಳಿಯತೊಡಗಿದವು. ಕಳಕಮ್ಮ ಮಾತ್ರ ಕಟ್ಟುವುದನ್ನು ನಿಲ್ಲಿಸಲಿಲ್ಲ.

ಹಲವು ದಿನ ಕಳೆದು ಒಂದು ಮಧ್ಯಾಹ್ನ, ಬ್ಯಾಟರಿ ಸಾಯುವ ಆ ಹಳೆಯ ಹೊತ್ತಿಗೆ, ಬಾಗಿಲಲ್ಲಿ ನೆರಳು ಬಿತ್ತು. ಗುರುಬಸವನಿಗೆ ತಲೆ ಎತ್ತುವ ಮೊದಲೇ ಗೊತ್ತಾಯಿತು. ಶಾಂಭವಿ ಬಂದವಳೇ ಚೀಲದಿಂದ ಇಟ್ಟಂಗಿ ತೆಗೆದು ಮೇಜಿನ ಮೇಲೆ ಧಪ್ಪನೆ ಇಟ್ಟಳು.

ಅವನಿಗೆ ಗಾಬರಿಯಾಯಿತು. "ಯಾಕ್ರಿ, ಸಣ್ಣದು ಕೈ ಕೊಟ್ತೇನ್ರಿ?"

"ಅದು ಭಾಳ ಛಲೋ ಐತ್ರಿ. ಕೈ ಕೊಟ್ಟವ್ರು ನೀವು."

"ನಾನೇನ ಮಾಡೀನ್ರಿ?"

"ಅವತ್ತ ಬಸ್ಸಿನ್ಯಾಗಿಂದ ನಾ ಏನಂದೆ, ಹೇಳ್ರಿ."

"ಹಗೂರ ಇರೂ ಅಡಾಪ್ಟರ್ ನೋಡ್ರಿ ಅಂದ್ರಿ."

"ಅಡಾಪ್ಟರ್ ನೋಡ್ರಿ, ಹಗೂರ ಅಂದೆ. ಅವಸರಿಲ್ಲ, ಹಗೂರ ನೋಡ್ರಿ ಅಂತ! ನೀವು ಹುಡುಕಿಕೋತ ಇರ್ತೀರಿ, ಸಿಕ್ತೇನು ಅಂತ ಕೇಳೂ ನೆವಕ್ಕರ ನಾ ಬಂದು ಹೋಗಬಹುದು ಅಂದ್ಕೊಂಡಿದ್ದೆ. ನೀವು ನೋಡಿದ್ರ ತಂದು ಕೈಯಾಗ ಇಟ್ಟ ಬಿಟ್ರಿ. ನನ್ನ ಕಳಸಾಕ ಅಷ್ಟು ಅವಸರಿತ್ತೇನ್ರಿ?" ಸಿಟ್ಟಿನಲ್ಲಿ ಅವಳ ಮೂಗಿನ ತುದಿ ಕೆಂಪಾಗಿತ್ತು. ಕಣ್ಣಿನಲ್ಲಿ ನೀರೂ ಇತ್ತು.

ಗುರುಬಸವ ಕುರ್ಚಿಯ ಮೇಲೆ ಕೂತುಬಿಟ್ಟ. ಊರಿಗೆಲ್ಲ ಪದಕೋಶ ತೆಗೆದುಕೊಡುವವನಿಗೆ ತನ್ನ ಮನೆಯ ಮಾತಿನ ಅರ್ಥ ತಪ್ಪಿತ್ತು.

"ಅಂಗಡ್ಯಾಗ ಕಡಿಮಿ ಪವರಿಂದು ಒಂದಿತ್ರಿ," ಎಂದ ಕೊನೆಗೆ. "ಅದನ್ನ ಕೊಟ್ರ ನೀವು ತಿರುಗಿ ಬರ್ತೀರಿ ಅಂತ ಆಸೆ ಆಗಿತ್ತು. ಸುಳ್ಳ್ಯಾಕ ಹೇಳ್ಲಿ."

"ಮತ್ತ ತರಬೇಕಿತ್ತು!"

"ನಿಮ್ಮ ಕೆಲಸ ಕೆಟ್ಟಿದ್ರ?"

ಅವಳು ಅವನನ್ನು ನೋಡಿದಳು. ಸಿಟ್ಟು ಹೇಗೆ ಇಳಿಯಿತೋ ಅವಳಿಗೇ ತಿಳಿಯಲಿಲ್ಲ. "ನೀವು ಇಂಥವ್ರು ಅಂತನ ಅಲ್ಲೇನ್ರಿ ನಾ ತಿರುಗಿ ಬಂದದ್ದು," ಎಂದಳು ಮೆಲ್ಲಗೆ. ಇಟ್ಟಂಗಿಯನ್ನು ಅವನ ಕಡೆ ಸರಿಸಿದಳು. "ದೊಡ್ಡದು ಮನ್ಯಾಗ ಇರ್ಬೇಕು ಅಂದವ್ರು ನೀವ. ಇಡ್ರಿ."

"ಇದು ಗ್ರಂಥಾಲಯ ಐತ್ರಿ, ಮನಿ ಅಲ್ರಿ."

"ಹಂಗಾರ ನಿಮ್ಮ ಮನಿ ಎಲ್ಲಿ ಐತೋ, ಅಲ್ಲಿ ಇಡ್ರಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಕೈಗೆ ಪುಸ್ತಕವೂ ಸಿಗಲಿಲ್ಲ, ಒರೆಸುವ ಅರಿವೆಯೂ ಸಿಗಲಿಲ್ಲ.

"ನಿಮ್ಮ ಅಪ್ಪಾರು?"

"ಹೇಳೀನ್ರಿ. ಹೂಂ ಅಂದಿಲ್ಲ, ಹುಡುಗನ್ನ ಕರ್ಕೊಂಡ ಬಾ ನೋಡೂಣು ಅಂದಾರ. ಇದನ್ನರ ಹಗೂರ ಮಾಡಬ್ಯಾಡ್ರಿ. ಐತ್ವಾರ ಗಂಗಾವತಿಗೆ ಬರ್ರಿ."

ಅಷ್ಟು ದಿನ ಗಂಟಲಲ್ಲಿ ಕೂತಿದ್ದ ಮಾತು ಆಗ ತಾನಾಗಿಯೇ ಹೊರಬಿತ್ತು. "ಶಾಂಭವಿ, ನೀವಂದ್ರ ನನಗ ಜೀವರಿ!" ಅದು ಪಿಸುಮಾತಾಗಿರಲಿಲ್ಲ. ಓದುತ್ತಿದ್ದವರೆಲ್ಲ ಒಟ್ಟಿಗೆ ತಲೆ ಎತ್ತಿದರು. ಅವಳು ಸೆರಗಿಲ್ಲದ್ದಕ್ಕೆ ಚೂಡಿಯ ವೇಲನ್ನೇ ಬಾಯಿಗೆ ಒತ್ತಿಕೊಂಡು ನಕ್ಕಳು.

ಮೂಲೆಯಲ್ಲಿ ಪೇಪರಿನ ಹಿಂದಿನಿಂದ ಅಬ್ದುಲಸಾಬರ ದನಿ ಬಂತು. "ಏ ಗುರುಬಸವ, ಹಗೂರ ಮಾತಾಡೋ. ಓದಾಕತ್ತೀವಿ."

ಹಾಗೆಂದವರೇ ಎದ್ದು ಬಂದು, ಇಟ್ಟಂಗಿಯನ್ನು ತೆಗೆದುಕೊಂಡು ಹೋಗಿ ತಮ್ಮ ಪೇಪರಿನ ಮೇಲೆ ಇಟ್ಟುಕೊಂಡರು.