ಶಿವಾನಿ ಆರಿಸಿದ ಕ್ಲಿಪ್ಪು

"ನಂಗೆ ಈ ಕಂಬಿ ಬೇಡ!"

ಶಿವಾನಿ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹಲ್ಲಿನ ಸೆಟ್ಟನ್ನು ಆಚೆಗೆ ತಳ್ಳಿದಳು. ಅದು ತೋರಿಸಲೆಂದು ಇಟ್ಟಿದ್ದ ಮಾಡೆಲ್ಲು. ಒಂದೊಂದು ಹಲ್ಲಿನ ಮೇಲೂ ಪುಟ್ಟ ಸ್ಟೀಲ್ ಚೂರು, ಎಲ್ಲವನ್ನೂ ಸೇರಿಸಿ ಬಿಗಿದ ತಂತಿ. ಬಾಯಿಗೆ ಬೇಲಿ ಹಾಕಿದ ಹಾಗಿತ್ತು.

ಡಾಕ್ಟರ್ ರೇಣುಕಾಪ್ರಸಾದ್ ಸಿಟ್ಟಾಗಲಿಲ್ಲ. ಉಬ್ಬಿದ, ಓರೆಯಾದ ಹಲ್ಲುಗಳಿಗೆ ಕ್ಲಿಪ್ ಹಾಕುವ ಡಾಕ್ಟರು ಅವರು. ಮೈಸೂರಿನಿಂದ ಭಾನುವಾರ ಮಾತ್ರ ಹುಣಸೂರಿನ ಈ ಕ್ಲಿನಿಕ್ಕಿಗೆ ಬರುತ್ತಿದ್ದರು. ಗುರುಪುರದಿಂದ ಬಸ್ಸಿನಲ್ಲಿ ಶಿವಾನಿಯನ್ನು ಕರೆತಂದವಳು ಸುಧತ್ತೆ, ಅಪ್ಪನ ತಂಗಿ.

"ಸರಿ, ಇದನ್ನ ನೋಡು." ಡಾಕ್ಟರು ಇನ್ನೊಂದು ಮಾಡೆಲ್ ತೆಗೆದರು. "ಇದು ಹಲ್ಲಿನ ಬಣ್ಣದ್ದೇ. ದೂರಕ್ಕೆ ಅಷ್ಟಾಗಿ ಕಾಣಲ್ಲ."

"ಇದೇ! ಇದೇ ಹಾಕಿ!"

"ತಡಿ ಪುಟ್ಟ. ಇದು ಪಿಂಗಾಣಿ ಥರ. ಗಟ್ಟಿ ಏನಾದ್ರೂ ಕಚ್ಚಿದ್ರೆ ಒಡೆದುಹೋಗುತ್ತೆ. ನಿನ್ನ ಮೇಲಿನ ಹಲ್ಲು ತುಂಬ ಮುಂದಿದೆ, ಎಳೆದು ಹಿಂದಕ್ಕೆ ತರಬೇಕು. ಅದಕ್ಕೆ ಸ್ಟೀಲೇ ಒಳ್ಳೇದು."

"ಮತ್ತೆ ನಮ್ ಕ್ಲಾಸ್ ಕಾವ್ಯಶ್ರೀದು? ಅವಳು ಊಟದ ಬೆಲ್ ಹೊಡೆದಾಗ ತೆಗೆದು ಡಬ್ಬೀಲಿ ಇಟ್ಕೋತಾಳೆ."

"ಅದು ಪ್ಲೇಟು. ಅವಳ ಹಲ್ಲು ಒಂಚೂರು ಓರೆ ಇರ್ಬೇಕು, ಅಷ್ಟಕ್ಕೆ ಅದು ಸಾಕು. ನಿಂಗೆ ಸಾಲಲ್ಲ."

ಆರನೇ ಕ್ಲಾಸಿನಲ್ಲಿ ಶಿವಾನಿಗೆ ಈಗಾಗಲೇ 'ಉಬ್ಬಲ್ಲಿ' ಎಂಬ ಹೆಸರು ಬಿದ್ದಿತ್ತು. ಇಟ್ಟವನು ಗೌರೀಶ. ಮೇಷ್ಟ್ರು ಹಾಜರಿ ಕೂಗುತ್ತ 'ಶಿವಾನಿ' ಎಂದರೆ ಸಾಕು, ಹಿಂದಿನ ಬೆಂಚಿನಿಂದ "ಉಬ್ಬಲ್ಲಿ ಪ್ರೆಸೆಂಟ್ ಸಾರ್" ಎಂದು ಪಿಸುಗುಡುತ್ತಿದ್ದ. ಸುತ್ತ ಕೂತವರು ಕಿಸಕ್ಕನೆ ನಗುತ್ತಿದ್ದರು. ಈಗೀಗ ಅವಳು ಗೊತ್ತಿರುವ ಪ್ರಶ್ನೆಗೂ ಕೈ ಎತ್ತುತ್ತಿರಲಿಲ್ಲ. ಇನ್ನು ಬಾಯಿ ತೆರೆದ ಕೂಡಲೇ ಸ್ಟೀಲು ಹೊಳೆದರೆ ಆ ಗೌರೀಶ ಬಿಟ್ಟಾನೆಯೇ?

"ಡಾಕ್ಟ್ರು ಹೇಳ್ದಂಗೆ ಕೇಳು ಮಗ," ಎಂದಳು ಸುಧತ್ತೆ. ಮಾತಾಡುವಾಗ ಯಾವಾಗಲೂ ಮಾಡುವಂತೆ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. "ಸ್ಟೀಲ್‌ದೇ ಹಾಕ್ಸ್ಕೊ. ನಾಲ್ಕು ದಿನ ನಗ್ತಾರೆ, ಆಮೇಲೆ ಸುಮ್ನಾಯ್ತಾರೆ ಬುಡು."

"ನಿಂಗೇನತ್ತೆ! ನೀನು ಸ್ಕೂಲಿಗೆ ಹೋಗ್ಬೇಕಾ? ನಿನ್ ಥರ ಬಾಯ್ ಮುಚ್ಕೊಂಡು ಮನೇಲೇ ಕೂತಿರಕ್ಕಾಯ್ತದಾ ನಂಗೆ?"

ಸುಧತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಡಾಕ್ಟರ ಮೇಜಿನ ಅಂಚನ್ನೇ ನೋಡುತ್ತ ನಿಂತಳು.

ಅತ್ತೆಯ ಹಲ್ಲೂ ಶಿವಾನಿಯ ಹಲ್ಲಿನಂತೆಯೇ. ಅತ್ತೆಯನ್ನು ನೋಡಲು ಗಂಡಿನ ಕಡೆಯವರು ಬಂದಾಗಲೆಲ್ಲ ಅವಳು ತುಟಿ ಬಿಗಿದುಕೊಂಡು ಕಾಫಿ ಕೊಟ್ಟು, ತಲೆ ತಗ್ಗಿಸಿ ಕೂರುತ್ತಿದ್ದಳು. ಕಳೆದ ಸಲ ಬಂದಿದ್ದ ಒಬ್ಬ ಹೆಂಗಸು, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ, "ಎಲ್ಲಿ, ಒಂದ್ಸಲ ನಗು ನೋಡಾನ" ಎಂದಿದ್ದಳು. ಅಷ್ಟು ಜನರ ಎದುರಿಗೆ ಅತ್ತೆ ನಕ್ಕಳು. ಶಿವಾನಿ ಅದನ್ನು ಬಾಗಿಲ ಸಂದಿಯಿಂದ ನೋಡಿದ್ದಳು. ಅವರು ಊರಿಗೆ ಹೋಗಿ ಫೋನ್ ಮಾಡುತ್ತೇವೆ ಎಂದಿದ್ದರು. ಆ ಫೋನು ಬರಲೇ ಇಲ್ಲ.

"ಹೊರಗೆ ಕೂತು ಯೋಚನೆ ಮಾಡು ಪುಟ್ಟ. ಅವಸರ ಇಲ್ಲ," ಎಂದರು ಡಾಕ್ಟರು.

ಶಿವಾನಿ ಎದ್ದು ಹೊರಗೆ ಬಂದಳು. ಬಾಗಿಲಿಗೆ ಇದ್ದದ್ದು ಒಂದು ಪರದೆ ಮಾತ್ರ. ಅತ್ತೆಯೂ ಹಿಂದೆಯೇ ಬರುತ್ತಾಳೆ ಅಂದುಕೊಂಡಿದ್ದಳು. ಬರಲಿಲ್ಲ.

"ಡಾಕ್ಟ್ರೇ, ಒಂದ್ ಮಾತು ಕೇಳ್ಬೇಕಿತ್ತು." ಅತ್ತೆಯ ದನಿ ತೀರ ಸಣ್ಣಗಿತ್ತು. "ದೊಡ್ಡೋರಿಗೂ ಇದ್ನ ಹಾಕ್ತಾರಾ?"

"ಹಾಕ್ತೀವಲ್ಲ. ಯಾರಿಗೆ?"

"ನಂಗೇ."

ಶಿವಾನಿಗೆ ಬೆಳಗಿನದು ನೆನಪಾಯಿತು. ಅಪ್ಪ ಅಂಗಡಿ ಮುಚ್ಚಿ ತಾನೇ ಬರುತ್ತೇನೆ ಎಂದಾಗ ಅತ್ತೆ, "ಬ್ಯಾಡಣ್ಣ, ನಾನೇ ಕರ್ಕೊಂಡೋಯ್ತೀನಿ" ಎಂದು ಹಟ ಮಾಡಿದ್ದಳು. ಟ್ರಂಕಿನಲ್ಲಿದ್ದ ಹೊಸ ಸೀರೆ ಉಟ್ಟಿದ್ದಳು.

ಒಳಗೆ ಕುರ್ಚಿ ಕಿರ್ ಎಂದು ಹಿಂದಕ್ಕೆ ಒರಗಿತು. ಲೈಟು ಹತ್ತಿತು. ಆಮೇಲೆ ಡಾಕ್ಟರ ದನಿ ಬದಲಾಯಿತು.

"ಈ ಹಲ್ಲು ಅಲ್ಲಾಡ್ತಿದೆ. ಗೊತ್ತಾ ನಿಮಗೆ?"

"ಹೂಂ."

"ಉಜ್ಜುವಾಗ ರಕ್ತ ಬರುತ್ತಾ?"

"ಬತ್ತದೆ. ಶ್ಯಾನೆ ದಿನದಿಂದ."

"ಮತ್ತೆ ಯಾರಿಗೂ ಯಾಕಮ್ಮ ತೋರಿಸಲಿಲ್ಲ?"

"ಯಾರ್ ಮುಂದೆ ಬಾಯ್ ತೆಗೀಲಿ ಡಾಕ್ಟ್ರೇ?"

ಡಾಕ್ಟರು ನಿಧಾನವಾಗಿ ಹೇಳಿದರು. "ಒಸಡು ತುಂಬ ಹಾಳಾಗಿದೆ. ಒಳಗೆ ಮೂಳೇನೂ ಸವೆದಿರೋ ಹಾಗಿದೆ. ಈಗ ಕ್ಲಿಪ್ ಹಾಕಿ ಎಳೆದರೆ ಹಲ್ಲೇ ಕೈಗೆ ಬಂದುಬಿಡುತ್ತೆ. ಮೊದಲು ಒಸಡಿಗೆ ಟ್ರೀಟ್‌ಮೆಂಟ್ ಆಗಬೇಕು. ಆದ್ರೂ ಮುಂದಿನ ಎರಡು ಹಲ್ಲು ಉಳಿಯುತ್ತೆ ಅಂತ ನಾನು ಸುಳ್ಳು ಹೇಳಲಾರೆ."

"ಅಂಗಾದ್ರೆ ಕ್ಲಿಪ್ಪು..."

"ಬೇಡಮ್ಮ. ಈಗಂತೂ ಆಗಲ್ಲ."

ಶಿವಾನಿ ಪರದೆಯ ಅಂಚನ್ನು ಹಿಡಿದು ನಿಂತಿದ್ದಳು. ಒಳಗೆ ಅತ್ತೆ ಅಳಬಹುದು ಎಂದು ಕಾದಳು. ಅಳುವ ಸದ್ದು ಬರಲಿಲ್ಲ. ಬಾಯಿ ಮುಕ್ಕಳಿಸಿ ಉಗುಳುವ ಸದ್ದು ಬಂತು, ಮತ್ತೆ ಮತ್ತೆ. ತಾನು ಆಗ ಆಡಿದ ಮಾತನ್ನು ಹೇಗೆ ವಾಪಸು ತೆಗೆದುಕೊಳ್ಳುವುದೋ ಅವಳಿಗೆ ತಿಳಿಯಲಿಲ್ಲ.

"ಶಿವಾನೀ, ಬಾ ಒಳಗೆ. ಏನು ಯೋಚನೆ ಮಾಡಿದೆ? ಯಾವುದು ಹಾಕೋಣ?"

ಅತ್ತೆ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಒಸಡಿಗೆ ಹತ್ತಿ ಒತ್ತಿಟ್ಟಿದ್ದರಿಂದ ಒಂದು ಕಡೆ ತುಟಿ ಊದಿತ್ತು. ಅವಳು ಆ ಹಲ್ಲಿನ ಬಣ್ಣದ ಕ್ಲಿಪ್ಪಿನ ಕಡೆ ಬೆರಳು ತೋರಿಸಿ, ಅದನ್ನೇ ಹಾಕಿಸಿಕೋ ಎಂಬಂತೆ ತಲೆಯಾಡಿಸಿದಳು.

"ಸ್ಟೀಲ್‌ದೇ ಹಾಕಿ," ಎಂದಳು ಶಿವಾನಿ.

"ಗ್ಯಾರಂಟಿನಾ? ಆಮೇಲೆ ಬೇಡ ಅನ್ನಬಾರದು."

"ಅನ್ನಲ್ಲ ಸಾರ್."

ಡಾಕ್ಟರು ಅಚ್ಚು ತೆಗೆಯಲು ಅವಳ ಬಾಯಿ ತುಂಬ ತಣ್ಣನೆಯ ಪೇಸ್ಟು ತುಂಬಿದರು. ವಾಂತಿ ಬಂದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ಅದು ಪೇಸ್ಟಿನಿಂದಲೇ ಎಂದು ಡಾಕ್ಟರು ಅಂದುಕೊಂಡರು. ಮುಂದಿನ ಭಾನುವಾರ ಬನ್ನಿ, ಕ್ಲಿಪ್ ಕೂರಿಸೋಣ ಎಂದರು. ಅತ್ತೆಗೂ ಬರಲು ಹೇಳಿದರು. ಅತ್ತೆ ಕರ್ಚೀಪು ತೆಗೆದು ಬಾಯಿಗೆ ಒತ್ತಿಕೊಂಡು ಎದ್ದಳು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕೂತಳು, ಪಕ್ಕದಲ್ಲಿ ಶಿವಾನಿ. ಬಸ್ಸು ಹೊರಡುವ ಹೊತ್ತಿಗೆ ಸೋಮಮ್ಮ ಚೀಲ ಹಿಡಿದು ಹತ್ತಿ ಆ ಬದಿಯ ಸೀಟಿನಲ್ಲಿ ಕೂತಳು. ಅವರದೇ ಬೀದಿಯ ಮುದುಕಿ. ಅತ್ತೆಗೆ ಗಂಡು ಹುಡುಕಿ ತರುತ್ತಿದ್ದವಳು ಅವಳೇ. ಅವಳಿಗೆ ತಿಳಿದ ವಿಷಯ ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತಿತ್ತು.

"ಏನ್ ಸುಧಾ, ಉಣಸೂರಿಗೆ ಬಂದಿದ್ದೆ?" ಸೋಮಮ್ಮ ಬಗ್ಗಿ ನೋಡಿದಳು. "ಯಾಕವ್ವ ಬಾಯ್ಗೆ ಕರ್ಚೀಪು? ಏನಾಯ್ತು ನಿನ್ ಬಾಯ್ಗೆ?"

ಅತ್ತೆ ಕರ್ಚೀಪನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ಅದರ ಮೂಲೆಯಲ್ಲಿ ಸಣ್ಣಗೆ ಕೆಂಪು ಹತ್ತಿತ್ತು. ಶಿವಾನಿ ಅದನ್ನು ನೋಡಿದಳು.

"ಅತ್ತೆಗೆ ಬಸ್ಸಿನ್ ವಾಸ್ನೆ ಆಗಲ್ಲ ಕಣಜ್ಜಿ. ವಾಂತಿ ಬರಂಗಾಯ್ತದೆ. ನಾವು ನನ್ ಹಲ್ಲು ತೋರ್ಸಕ್ ಬಂದಿದ್ವಿ."

"ಏನಂದ್ರು ಡಾಕ್ಟ್ರು?"

"ನಂದು ತುಂಬ ಕೆಟ್ಟೋಗಿದಾವಂತೆ," ಎಂದಳು ಶಿವಾನಿ. ಮುಂದಿನ ಸೀಟಿನವರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದಳು. "ಕಂಬಿ ಹಾಕಿ ಎಳೀಬೇಕಂತೆ."

"ಅಯ್ಯೋ ಶಿವನೇ! ಎಲ್ಲಿ, ತೋರ್ಸು?"

ಶಿವಾನಿ ಬಾಯಿ ಅಗಲ ಮಾಡಿ ತೋರಿಸಿದಳು. ಮುಂದಿನ ಸೀಟಿನವರು ಹಿಂದಕ್ಕೆ ತಿರುಗಿದರು. ಕಂಡಕ್ಟರೂ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನೋಡಿದ.

"ಹೆಣ್ಣುಡುಗಿ ಬೇರೆ! ಈಗ್ಲೇ ಇಂಗಾದ್ರೆ ಮುಂದಕ್ಕೆ ಹೆಂಗವ್ವ?" ಎಂದು ಸೋಮಮ್ಮ ಲೊಚಗುಟ್ಟಿದಳು.

ಶಿವಾನಿಯ ಕಿವಿ ಬಿಸಿಯಾಯಿತು. ಆದರೂ ಅವಳು ಅತ್ತ ಇತ್ತ ನೋಡಲಿಲ್ಲ. ಪಕ್ಕದಲ್ಲಿ ಅತ್ತೆಯ ಭುಜ ಸಣ್ಣಗೆ ನಡುಗುತ್ತಿತ್ತು. ಅತ್ತೆ ಕಿಟಕಿಯ ಕಡೆಗೆ ತಿರುಗಿಕೊಂಡಿದ್ದಳು.

ಶಿವಾನಿ ಸೀಟಿನ ತುದಿಗೆ ಸರಿದು ನೆಟ್ಟಗೆ ಕೂತಳು. ಈಗ ಸೋಮಮ್ಮ ಎಷ್ಟು ಬಗ್ಗಿದರೂ ಅತ್ತೆಯ ಮುಖ ಕಾಣುತ್ತಿರಲಿಲ್ಲ.