ಪಾದರಸದ ಹಣೆಗೆ ಒದ್ದೆ ಬಟ್ಟೆ

ಬೆಳಿಗ್ಗೆ ಒಂಬತ್ತೂವರೆಗೆ ಹವಾಮಾನ ಕಚೇರಿಯ ಅಧಿಕಾರಿಣಿ ಠಾಣೆಗೆ ಬಂದು ದೂರು ಕೊಟ್ಟರು. ದಿನದ ಗರಿಷ್ಠ ತಾಪಮಾನ ತೋರಿಸುವ ಥರ್ಮಾಮೀಟರಿನ ಬುಡಕ್ಕೆ ಯಾರೋ ಒದ್ದೆ ಬಟ್ಟೆ ಕಟ್ಟಿದ್ದರು. ಹಿಂದಿನ ದಿನ ಅವರು ಅಳತೆ ನೋಡಲು ಹೊತ್ತಿಗೆ ಮುಂಚೆ ಹೋದದ್ದರಿಂದ ಅದು ಕಣ್ಣಿಗೆ ಬಿದ್ದಿತ್ತು; ಬಿಚ್ಚದೆ ಹಾಗೇ ಬಿಟ್ಟಿದ್ದರು.

"ಇಷ್ಟಕ್ಕೆ ಎಫ್‌ಐಆರ್ ಬೇಕೇನಮ್ಮ?" ಇನ್ಸ್‌ಪೆಕ್ಟರ್ ಕೇಳಿದರು.

"ಜ್ವರದ ಹಣೆಗೆ ಒದ್ದೆ ಬಟ್ಟೆ ಹಾಕ್ತಾರಲ್ಲ ಸಾರ್, ಹಾಗೆ. ಪಾದರಸ ಮೇಲೇಳೋದೇ ಇಲ್ಲ. ನಲವತ್ತೆರಡು ದಾಟಿದ್ರೆ ಮಾರನೇ ದಿನದಿಂದ ಕಾರ್ಖಾನೆಯವರು ಕಲ್ಲಿದ್ದಲ ಅಂಗಳದಲ್ಲಿ ಮಧ್ಯಾಹ್ನದ ಕೆಲಸ ನಿಲ್ಲಿಸಬೇಕು ಅಂತ ಸರ್ಕಾರದ ಆದೇಶ ಇದೆ. ಈ ಬೇಸಿಗೇಲಿ ಒಂದಿನಾನೂ ದಾಟಿಲ್ಲ."

ಬರೆದುಕೊಳ್ಳುತ್ತಿದ್ದ ದಫೇದಾರನ ಕೈ ನಿಂತಿತು. ಅವನ ಭಾವ ಅದೇ ಅಂಗಳದಲ್ಲಿ ಬುಟ್ಟಿ ಹೊರುತ್ತಿದ್ದಾಗ ಮೊನ್ನೆ ಕುಸಿದುಬಿದ್ದಿದ್ದ. ಆಸ್ಪತ್ರೆಗೆ ಎತ್ತಿಕೊಂಡು ಹೋದವರು ಮೈ ಸುಡುತ್ತಿತ್ತು, ಮುಟ್ಟಲಾಗುತ್ತಿರಲಿಲ್ಲ ಎಂದಿದ್ದರು. ಇನ್ನೂ ಎಚ್ಚರ ಬಂದಿರಲಿಲ್ಲ.

ಇನ್ಸ್‌ಪೆಕ್ಟರಿಗೆ ಅದು ಗೊತ್ತಿತ್ತು. "ಬೇಡ ಅಂದ್ರೆ ಬೇರೆಯವರನ್ನ ಕರ್ಕೊಂಡು ಹೋಗ್ತೀನಿ ಕಣಯ್ಯ."

"ಬರ್ತೀನಿ ಸಾರ್."

ಹನ್ನೊಂದಕ್ಕೆ ಪಂಚನಾಮೆ. ಒಣಹುಲ್ಲಿನ ಬಯಲಿನ ನಡುವೆ ನಾಲ್ಕು ಕಾಲಿನ ಮೇಲೆ, ಥರ್ಮಾಮೀಟರುಗಳನ್ನಿಟ್ಟ, ಪಾರಿವಾಳದ ಗೂಡಿನಂಥ ಬಿಳಿ ಪೆಟ್ಟಿಗೆ. ಬೀಗ ಒಡೆದಿರಲಿಲ್ಲ. ಒಳಗೆ ಕಚೇರಿಯವರೇ ತೇವಾಂಶ ಅಳೆಯಲು ಒದ್ದೆ ಬಟ್ಟೆ ಕಟ್ಟುವ ಇನ್ನೊಂದು ಥರ್ಮಾಮೀಟರ್ ಇತ್ತು. ಇನ್ಸ್‌ಪೆಕ್ಟರ್ ಬಗ್ಗಿ ಅದನ್ನೂ ನೋಡಿದರು, ಇದನ್ನೂ ನೋಡಿದರು. ಎತ್ತಿನ ಹಲ್ಲು ನೋಡುವವರ ಹಾಗೆ ಬಹಳ ಹೊತ್ತು ನೋಡಿದರು.

"ಎರಡು ಗಂಟೂ ಒಂದೇ ಥರ ಇದಾವಲ್ಲಮ್ಮ?"

ಅಧಿಕಾರಿಣಿ ಪೆಟ್ಟಿಗೆಯ ಬಾಗಿಲು ಹಿಡಿದುಕೊಂಡೇ ತಲೆಯಾಡಿಸಿದರು.

"ಕಟ್ಟಿದ್ದು ನೀವೇನಾ?"

"ಒಂದನ್ನ ಮಾತ್ರ."

"ಇನ್ನೊಂದು?"

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ಈ ಗಂಟು ಹಾಕೋದು ನನಗೆ ಕಲಿಸಿದವರದು."

ಕಾವಲುಗಾರನನ್ನು ಕರೆಸಿದರು. "ಮಧ್ಯಾಹ್ನ ಯಾರು ಬರ್ತಾರೆ?"

"ಯಾರೂ ಇಲ್ಲ ಸ್ವಾಮಿ. ಹಳೇ ಸಾಹೇಬ್ರು ಬರ್ತಾರೆ, ಅವರ ಹತ್ರ ಬೀಗದಕೈ ಮೊದಲಿಂದ್ಲೂ ಇದೆ. ಅವರನ್ನ ಯಾರು ಅಂತ ಕೇಳಕ್ಕಾಗತ್ಯೇ?"

ಹಳೇ ಸಾಹೇಬರು ಎಂದರೆ ಊರಿಗೆಲ್ಲ ಗೊತ್ತಿದ್ದ ತಂಪು ಮೇಷ್ಟ್ರು. ಈ ಕಚೇರಿಯಿಂದ ನಿವೃತ್ತರಾದವರು. ಭೂಮಿ ಬಿಸಿಯಾಗುತ್ತಿದೆ ಎನ್ನುವುದೆಲ್ಲ ಬೊಗಳೆ ಎಂದು ಟಿವಿಯಲ್ಲಿ, ಕಾರ್ಖಾನೆಯ ಸಭೆಗಳಲ್ಲಿ ವಾದಿಸುವವರು. ಅದಕ್ಕೇ ಆ ಹೆಸರು.

ಕಾರ್ಖಾನೆಯ ಮ್ಯಾನೇಜರನ ಕೋಣೆಯಲ್ಲಿ ಎರಡು ಏಸಿಗಳು ಓಡುತ್ತಿದ್ದವು. ದಫೇದಾರನ ಬೆವರು ಅಲ್ಲೇ ತಣ್ಣಗೆ ಅಂಟಿಕೊಂಡಿತು.

"ಮೇಷ್ಟ್ರು ನಿಮಗೇನಾಗಬೇಕು?"

"ಸಲಹೆಗಾರರು ಸಾರ್. ತಿಂಗಳಿಗೊಂದು ಭಾಷಣ."

"ಈ ವಾರ ಕೆಲಸ ಯಾವತ್ತಾದ್ರೂ ನಿಲ್ಲಿಸಿದ್ರಾ?"

"ನಲವತ್ತೆರಡು ದಾಟಲೇ ಇಲ್ವಲ್ಲ." ಅವನು ನಕ್ಕ. "ಸರ್ಕಾರದ ಥರ್ಮಾಮೀಟರೇ ಹೇಳ್ತಿದೆ. ನಾನ್ಯಾರು ಅದಕ್ಕೆ?"

ಮಧ್ಯಾಹ್ನ ಮೂರಕ್ಕೆ ಮೇಷ್ಟ್ರ ಮನೆ. ಬಾಗಿಲು ತೆರೆದವರು ಅವರೇ. ಹಜಾರದ ಹಗ್ಗದ ಮೇಲೆ ಅಂಥದೇ ತೆಳು ಬಟ್ಟೆಯ ತುಂಡುಗಳು ಒಣಗುತ್ತಿದ್ದವು. ಬಚ್ಚಿಡಬೇಕು ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

"ನಿನ್ನೆ ಗಂಟು ಬಿಚ್ಚೋಕೆ ಹೋಗೋಷ್ಟರಲ್ಲಿ ಅವಳು ಬಂದಿದ್ಲು," ಎಂದರು. "ಒಳ್ಳೆ ಹುಡುಗಿ. ನಾನೇ ತಯಾರು ಮಾಡಿದ್ದು."

"ಕಾರ್ಖಾನೆಯವರು ಹೇಳಿದ್ರಾ?"

"ಇಲ್ಲ. ಅವರು ಚಪ್ಪಾಳೆ ತಟ್ತಾ ಇದ್ರು, ಅಷ್ಟೆ."

"ಮತ್ಯಾಕೆ?"

"ನಾನು ವೇದಿಕೆ ಮೇಲಿದ್ದಾಗ ಅವಳು ಸಭೇಲಿ ಎದ್ದು ನಿಂತು, ನಿಜವಾಗ್ಲೂ ಬಿಸಿಯಾಗ್ತಿಲ್ವಾ ಅಂತ ಕೇಳಿದ್ಲು. ಈ ಬೇಸಿಗೆ ನಲವತ್ತೆರಡು ದಾಟಿದ್ರೆ ಬಾಯಿ ಮುಚ್ಕೋತೀನಿ ಅಂದ್ಬಿಟ್ಟೆ. ಭೂಮಿ ಬಿಸಿಯಾಗ್ತಿಲ್ಲ ಅನ್ನೋದು ಶುರುವಿಗೆ ದುಡ್ಡಿಗೋಸ್ಕರ ಆಡಿದ ಮಾತು ಇನ್ಸ್‌ಪೆಕ್ಟ್ರೇ, ಆಡ್ತಾ ಆಡ್ತಾ ನಂದೇ ಆಗ್ಹೋಯ್ತು. ಕೈಯಾರೆ ಬೆಳೆಸಿದ ಹುಡುಗಿ ಮುಂದೆ ಹೇಗಪ್ಪಾ ಸೋಲೋದು?"

ದಫೇದಾರ ತಡೆದುಕೊಳ್ಳಲಾರದೆ ಕೇಳಿದ. "ಅಂಗಳದಲ್ಲಿ ಕೆಲಸ ಮಾಡೋರು?"

ಮೇಷ್ಟ್ರು ಅವನನ್ನು ನಿಜವಾಗಿಯೂ ಅರ್ಥವಾಗದೆ ನೋಡಿದರು. "ಆ ಆದೇಶಾನಾ? ಅದು ನನ್ನ ತಲೇಲೇ ಇರಲಿಲ್ಲ."

ದಸ್ತಗಿರಿ ಪತ್ರಕ್ಕೆ ಅವರು ಸಹಿ ಮಾಡುತ್ತಿದ್ದಾಗ ದಫೇದಾರನ ಫೋನು ಬಡಿದುಕೊಂಡಿತು. ಅಕ್ಕ. "ಹೋಗ್ಬಿಟ್ರು ಕಣೋ," ಎಂದಳು. ಆಮೇಲೆ ಬರೀ ಅಳು.

ಇನ್ಸ್‌ಪೆಕ್ಟರ್ ಅವನ ಮುಖ ನೋಡಿದರು. "ಸೆಕ್ಷನ್ ಬದಲಾಯಿಸ್ಬೇಕು," ಎಂದಷ್ಟೇ ಅಂದು, ಆಸ್ಪತ್ರೆಯ ಹತ್ತಿರ ಅವನನ್ನು ಇಳಿಸಿಹೋಗುವಂತೆ ಚಾಲಕನಿಗೆ ಹೇಳಿದರು.

ಜೀಪಿನ ಹಿಂದಿನ ಸೀಟಿನಲ್ಲಿ ಮೇಷ್ಟ್ರು, ದಫೇದಾರ ಇಬ್ಬರೂ ಪಕ್ಕಪಕ್ಕದಲ್ಲಿ ಕೂತಿದ್ದರು. ಕಾರ್ಖಾನೆಯ ಗೇಟು ದಾಟುವಾಗ ಮೇಷ್ಟ್ರು ಶರ್ಟಿನ ಗುಂಡಿ ಬಿಚ್ಚಿಕೊಂಡರು.

"ಆ ಗಾಜು ಒಂಚೂರು ಸರಿಸಪ್ಪಾ," ಎಂದರು. "ಭಾರಿ ಸೆಕೆ."

ದಫೇದಾರ ಕೈ ಚಾಚಿ ಗಾಜು ಸರಿಸಿದ. ಒಳಗೆ ಬಂದದ್ದೂ ಬಿಸಿಗಾಳಿಯೇ.